ಬದುವಿನ ಮರ ಯಾರದು?

ಚಿತ್ರದುರ್ಗದಿಂದ ಚಳ್ಳಕೆರೆ ಕಡೆಗೆ ಹೋಗುವಾಗ ರಸ್ತೆ ಪಕ್ಕದ ಹೊಲಗಳನ್ನು ನೋಡಿ. ಎಷ್ಟೋ ಕಡೆ ಕಲ್ಲು ಕಂಬ, ಮುಳ್ಳುತಂತಿ, ಅಷ್ಟೇ. ಹಿಂದೆ ಅಲ್ಲಿ ಕಳ್ಳಿ, ಕತ್ತಾಳೆ, ಲಕ್ಕಿ, ಕಾರೆಯ ದಟ್ಟ ಬೇಲಿ ಇರುತ್ತಿತ್ತು, ನಡುನಡುವೆ ಹೊಂಗೆ, ಬೇವು, ಜಾಲಿ. ವನ್ಯಜೀವಿ ಅಂದ ಕೂಡಲೇ ನಮಗೆ ನೆನಪಾಗುವುದು ಜೋಗಿಮಟ್ಟಿ, ಇಲ್ಲವೇ ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮ. ಆದರೆ ಗೌಜಲಹಕ್ಕಿ ಮರಿ ಮಾಡುವುದು, ಮುಂಗುಸಿ, ಉಡ ಓಡಾಡುವುದು ನಮ್ಮ ಪಟ್ಟಾ ಜಮೀನಿನ ಬದುವಿನಲ್ಲೂ ಹೌದಲ್ವಾ?

ಆ ಬೇಲಿ ಯಾಕೆ ಹೋಯಿತು? ರೈತರಿಗೆ ಕಾಳಜಿ ಇಲ್ಲ ಅಂತ ಸುಮ್ನೆ ಹೇಳಿಬಿಡಬಹುದು. ನಾನು ಒಪ್ಪುವುದಿಲ್ಲ. ಮರ ಬೆಳೆಸಿದವರಿಗೇ ಮರ ಹೊರೆಯಾಗುವಂತೆ ಮಾಡಿದ್ದು ಕಾನೂನು.

ಶ್ರೀಗಂಧವನ್ನೇ ತೆಗೆದುಕೊಳ್ಳಿ. ಅದು ಬೇಲಿಯಲ್ಲಿ ತಾನಾಗೇ ಹುಟ್ಟುವ ಮರ. ಕಪ್ಪುನೇರಳೆ ಬಣ್ಣದ ಹಣ್ಣನ್ನು ಪಿಕಳಾರ, ಕೋಗಿಲೆ ನುಂಗುತ್ತವೆ, ಹೊಂಗೆ ಕೊಂಬೆ ಮೇಲೆ ಕೂತು ಬೀಜ ಉದುರಿಸುತ್ತವೆ. ಮೊಳೆತ ಸಸಿ ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಅಂಟಿಸಿ ಅಲ್ಲಿಂದ ನೀರು, ಸತ್ವ ಹೀರುತ್ತದೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಹಾಗಾಗಿ ಗಂಧ ತಾನಾಗೇ ಎದ್ದಿರುವ ಬದುವಿನಲ್ಲಿ ಹಕ್ಕಿಗಳೂ ಇವೆ, ನಾಲ್ಕು ಜಾತಿಯ ಗಿಡವೂ ಇದೆ ಅಂತ ಲೆಕ್ಕ. ಇಂಥ ಮರವನ್ನು 1792ರಲ್ಲಿ ಟಿಪ್ಪು ರಾಜವೃಕ್ಷ ಅಂತ ಘೋಷಿಸಿದ. ಆಮೇಲೆ ಮೈಸೂರು ಸಂಸ್ಥಾನವೂ ಆ ಹಕ್ಕು ಬಿಟ್ಟುಕೊಡಲಿಲ್ಲ, 1963ರ ಅರಣ್ಯ ಕಾಯ್ದೆಯೂ ಬಿಡಲಿಲ್ಲ. ಮರ ನಿಮ್ಮ ಹೊಲದಲ್ಲಿದ್ದರೂ ಸರ್ಕಾರದ್ದು, ಕಾಯುವ ಜವಾಬ್ದಾರಿ ಮಾತ್ರ ನಿಮ್ಮದು. ಇಂಥ ಮರ ಯಾರಿಗೆ ಬೇಕು? ಗೇಣುದ್ದ ಇರುವಾಗಲೇ ಕಿತ್ತು ಬಿಸಾಕಿದರೆ ತಲೆನೋವು ತಪ್ಪುತ್ತಿತ್ತು. 2001ರಲ್ಲಿ ಕಾಯ್ದೆ ತಿದ್ದಿ ಒಡೆತನವನ್ನು ಜಮೀನಿನವರಿಗೆ ಕೊಟ್ಟರು. ಅಷ್ಟರಲ್ಲಿ ಎರಡು ಶತಮಾನ ಕಳೆದಿತ್ತು.

1976ರ ವೃಕ್ಷ ಸಂರಕ್ಷಣಾ ಕಾಯ್ದೆ ಒಳ್ಳೆಯ ಉದ್ದೇಶದಿಂದಲೇ ಬಂತು. ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕಾಯಿತು, ನೀಲಗಿರಿ, ಸಿಲ್ವರ್ ಓಕ್‌ನಂಥವಕ್ಕೆ ವಿನಾಯಿತಿ ಸಿಕ್ಕಿತು. ಹಕ್ಕಿಗೆ ಹಣ್ಣು ಕೊಡುವ ನಾಡಮರಕ್ಕೆ ಅರ್ಜಿ ಹಿಡಿದು ಅಲೆಯಬೇಕು, ನೀಲಗಿರಿಗೆ ಯಾರೂ ಕೇಳುವುದಿಲ್ಲ ಅಂದರೆ ರೈತರು ಯಾವುದನ್ನು ಹಾಕುತ್ತಾರೆ ಹೇಳಿ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯೂ ನೀಲಗಿರಿ ಸಸಿಯನ್ನೇ ಜಾಸ್ತಿ ಹಂಚಿತು. ಅದೇ ನೀಲಗಿರಿ ನೆಡುವುದನ್ನು 2017ರಲ್ಲಿ ರಾಜ್ಯ ಸರ್ಕಾರ ನಿಷೇಧಿಸಿತು.

ಬೆಳೆಯೂ ಬದಲಾಯಿತು. ಚಳ್ಳಕೆರೆ ಕಡೆ ನವಣೆ, ಸಾವೆ, ಅಕ್ಕಡಿ ಸಾಲಿನ (ಮುಖ್ಯ ಬೆಳೆಯ ನಡುವೆ ಬಿತ್ತುವ) ತೊಗರಿ, ಅವರೆ ಹಿಂದೆ ಸರಿದು ಶೇಂಗಾ ಹಬ್ಬಿತು. ದಾವಣಗೆರೆ ಕಡೆ ಮೆಕ್ಕೆಜೋಳ. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲ ಸಣ್ಣದಾಯಿತು, ಟ್ರ್ಯಾಕ್ಟರ್ ತಿರುಗಲು ಬದು ಅಡ್ಡ ಬಂತು, ಜೆಸಿಬಿ ಬಂದು ಬೇಲಿ ಕಿತ್ತಿತು, ಉಳಿದ ಹುಲ್ಲಿಗೆ ಕಳೆನಾಶಕ ಬಿತ್ತು. 2018ರಲ್ಲಿ ಮೆಕ್ಕೆಜೋಳದ ಹೊಸ ಸೈನಿಕ ಹುಳು ದೇಶದಲ್ಲೇ ಮೊದಲು ಪತ್ತೆಯಾಗಿದ್ದು ಪಕ್ಕದ ಶಿವಮೊಗ್ಗದಲ್ಲಿ. ಸುಳಿಯೊಳಗೆ ಕೂತು ತಿನ್ನುವ ಹುಳು ಅದು, ಔಷಧಿ ಸುಲಭಕ್ಕೆ ತಾಗುವುದಿಲ್ಲ. ಹುಳು ಹಿಡಿಯುವ ಕಾಜಾಣ ಕೂರಲಿ ಅಂತ ಈಗ ಹೊಲದಲ್ಲಿ ಕವಲು ಕೋಲು ನೆಡಲು ಕೃಷಿ ತಜ್ಞರು ಹೇಳುತ್ತಾರೆ. ಬದುವಿನ ಜಾಲಿ ಮಾಡುತ್ತಿದ್ದ ಕೆಲಸ ಅದೇ!

ಬೇಲಿ ದಟ್ಟವಾದರೆ ಹಂದಿ ಸೇರಿಕೊಳ್ಳುತ್ತದೆ ಅನ್ನುವ ಮಾತೂ ಸುಳ್ಳಲ್ಲ. ಮೊಳಕಾಲ್ಮೂರು ಕಡೆ ಕರಡಿ ಶೇಂಗಾ ಹೊಲಕ್ಕೇ ಇಳಿಯುತ್ತದೆ. ಆ ನಷ್ಟವನ್ನು ರೈತರೊಬ್ಬರ ತಲೆಗೆ ಕಟ್ಟಿ ಜೀವವೈವಿಧ್ಯ ಉಳಿಸಿ ಅಂದರೆ ಆಗುವುದಿಲ್ಲ. ಪರಿಹಾರ ಬೇಗ ಕೈ ಸೇರಬೇಕು.

ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಅರಣ್ಯ ಇಲಾಖೆಯ ಸಸಿ ನೆಟ್ಟು ಬದುಕಿಸಿದರೆ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ. ಒಳ್ಳೆಯ ಯೋಜನೆ. ಹಕ್ಕಿ ಬಿತ್ತಿದ ಗಿಡವನ್ನು ಕೀಳದೆ ಉಳಿಸಿಕೊಂಡವರನ್ನೂ ಅದರಲ್ಲಿ ಸೇರಿಸಬೇಕು, ಬೇಲಿಗೆ ಮಾರಿಗಿಷ್ಟು ಅಂತ ಕೊಟ್ಟರೂ ಆದೀತು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ಹೊಲಕ್ಕೆ ಬಂದ ಮೇಲೆ ಅಡಿಕೆ ಸಸಿ ಬದುವಿನ ಅಂಚಿನವರೆಗೂ ಬರುತ್ತದೆ. ಈ ಕೆಲಸ ಅದಕ್ಕೂ ಮೊದಲೇ ಆಗಬೇಕು.