ಚೈಲ್ಡ್ ಬೆನಿಫಿಟ್ ಬೇರೆ, ಎರಡು ಮಕ್ಕಳ ಮಿತಿ ಬೇರೆ

‘ಬ್ರಿಟನ್‌ನಲ್ಲಿ ಚೈಲ್ಡ್ ಬೆನಿಫಿಟ್‌ಗೆ ಇದ್ದ ಎರಡು ಮಕ್ಕಳ ಮಿತಿ ರದ್ದು’ ಎಂದು ಬರೆಯುವವರು ಇನ್ನಾದರೂ ನಿಲ್ಲಿಸಬೇಕು. ಮಕ್ಕಳನ್ನು ಸಾಕುವವರಿಗೆ ಅಲ್ಲಿನ ಸರ್ಕಾರ ಕೊಡುವ ಭತ್ಯೆಯೇ ಚೈಲ್ಡ್ ಬೆನಿಫಿಟ್. ಅಂಥ ಮಿತಿ ಅದಕ್ಕೆ ಎಂದೂ ಇರಲಿಲ್ಲ. ಐದು ಮಕ್ಕಳಿದ್ದರೆ ಐವರಿಗೂ ಹಣ ಬರುತ್ತದೆ. 2025–26ರಲ್ಲಿ ಮೊದಲ ಮಗುವಿಗೆ ವಾರಕ್ಕೆ 26.05 ಪೌಂಡ್, ಉಳಿದವರಿಗೆ ತಲಾ 17.25 ಪೌಂಡ್.

ಇದರ ಬೇರು ಇರುವುದು 1945ರ ಕುಟುಂಬ ಭತ್ಯೆ ಕಾಯ್ದೆಯಲ್ಲಿ. ಮಸೂದೆ ಬಂದಾಗ ಹಣ ತಂದೆಗೆ ಸೇರಬೇಕೆಂದಿತ್ತು. ಸಂಸದೆ ಎಲೀನರ್ ರಾತ್‌ಬೋನ್ ಪಟ್ಟು ಹಿಡಿದು ಅದನ್ನು ತಾಯಿಯ ಕೈಗೆ ಕೊಡಿಸಿದರು. ಆಗ ಎರಡನೆಯ ಮಗುವಿನಿಂದ ಮಾತ್ರ ಭತ್ಯೆ ಸಿಗುತ್ತಿತ್ತು. 1977ರಿಂದ ಅದರ ಜಾಗಕ್ಕೆ ಚೈಲ್ಡ್ ಬೆನಿಫಿಟ್ ಬಂದು, ಮೊದಲ ಮಗುವೂ ಲೆಕ್ಕಕ್ಕೆ ಸೇರಿತು. ಬಡವ, ಬಲ್ಲಿದ ಎನ್ನದೆ ಎಲ್ಲರಿಗೂ ಕೊಡುವುದೇ ಅದರ ತತ್ವವಾಗಿತ್ತು.

ಎರಡು ಮಕ್ಕಳ ಮಿತಿ ಇದ್ದದ್ದು ಯೂನಿವರ್ಸಲ್ ಕ್ರೆಡಿಟ್ ಮತ್ತು ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್‌ಗೆ, ಎಂದರೆ ಕಡಿಮೆ ಆದಾಯದವರ ನೆರವಿಗೆ. 2017ರ ಏಪ್ರಿಲ್ 6ರಂದು ಅಥವಾ ಆಮೇಲೆ ಹುಟ್ಟಿದ ಮೂರನೆಯ ಮತ್ತು ನಂತರದ ಮಗುವಿನ ಪಾಲನ್ನು ಅದು ಕಿತ್ತುಕೊಂಡಿತು. 2025–26ರ ದರದಲ್ಲಿ ಆ ಪಾಲು ತಿಂಗಳಿಗೆ ಸುಮಾರು 290 ಪೌಂಡ್. ಮಕ್ಕಳ ಬಡತನಕ್ಕೂ ಈ ಮಿತಿಗೂ ನೇರ ನಂಟಿದೆ. ಆ ಮಕ್ಕಳಲ್ಲಿ ಬಹುಪಾಲು ದುಡಿಯುವವರ ಮನೆಯವರು ಎಂಬುದನ್ನೂ ಮರೆಯಬಾರದು. 2026ರ ಏಪ್ರಿಲ್‌ನಿಂದ ಈ ಮಿತಿ ಇರುವುದಿಲ್ಲ ಎಂದು 2025ರ ನವೆಂಬರ್ ಬಜೆಟ್ ಘೋಷಿಸಿತು. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸವಿದು.

ಹಾಗಾದರೆ ‘ಶ್ರೀಮಂತರಿಗೆ ಚೈಲ್ಡ್ ಬೆನಿಫಿಟ್ ಇಲ್ಲ’ ಎಂಬ ಮಾತು? ಅದೂ ಪೂರ್ತಿ ಸರಿಯಲ್ಲ. ಹಣ ಅವರಿಗೂ ಸಿಗುತ್ತದೆ, ಆದರೆ 2013ರ ಜನವರಿಯಿಂದ ತೆರಿಗೆಯ ರೂಪದಲ್ಲಿ ವಾಪಸು ಹೋಗುತ್ತಿದೆ. ಇದಕ್ಕೆ ಮೊದಲು 50,000 ಪೌಂಡ್ ಇದ್ದ ವಾರ್ಷಿಕ ಆದಾಯದ ಮಿತಿ 2024ರ ಏಪ್ರಿಲ್‌ನಲ್ಲಿ 60,000ಕ್ಕೆ ಏರಿತು. ಅದರ ಮೇಲಿನ ಪ್ರತಿ 200 ಪೌಂಡ್‌ಗೆ ಭತ್ಯೆಯ ಶೇ 1ರಷ್ಟನ್ನು ಮರಳಿಸಬೇಕು. ಆದಾಯ 80,000 ಮುಟ್ಟಿದರೆ ಪೂರ್ತಿ ಮರಳಿಸಬೇಕು.

ಇಲ್ಲಿ ನೋಡುವುದು ಮನೆಯ ಒಟ್ಟು ಆದಾಯವನ್ನಲ್ಲ, ಒಬ್ಬೊಬ್ಬರದನ್ನು. ಗಂಡ ಹೆಂಡತಿ ತಲಾ 59,000 ದುಡಿದರೆ ಮನೆಗೆ 1,18,000 ಬಂದರೂ ಒಂದು ಪೌಂಡ್ ಕಟ್ಟಬೇಕಿಲ್ಲ. ಪಕ್ಕದ ಮನೆಯಲ್ಲಿ ಎರಡು ಮಕ್ಕಳನ್ನು ಒಬ್ಬಳೇ ಸಾಕುವ ತಾಯಿ 80,000 ದುಡಿದರೆ ವರ್ಷದ ಭತ್ಯೆಯನ್ನು, 2025–26ರ ದರದಲ್ಲಿ ಸುಮಾರು 2,250 ಪೌಂಡ್, ಅಷ್ಟನ್ನೂ ಹಿಂದಿರುಗಿಸುತ್ತಾಳೆ. ಹೆಚ್ಚು ದುಡಿಯುವವರಿಗೆ ತೆರಿಗೆ ಹಾಕುವುದು ನ್ಯಾಯವೇ. ಆದರೆ ಈ ಅಳತೆ ಅನ್ಯಾಯ. ಒಂಟಿ ತಾಯಿಯ ಮೇಲೆ ಹೆಚ್ಚು ಹೊರೆ ಹಾಕುವ ತೆರಿಗೆಯನ್ನು ಶ್ರೀಮಂತರ ಮೇಲಿನ ತೆರಿಗೆ ಎನ್ನಲು ನಾನು ಒಪ್ಪುವುದಿಲ್ಲ.

ಬ್ರಿಟನ್‌ನಲ್ಲಿ ಕಾಯಂ ನೆಲೆಸಿರುವ ಕನ್ನಡಿಗರು ‘ಹೇಗೂ ಮರಳಿಸಬೇಕಲ್ಲ’ ಎಂದು ಅರ್ಜಿಯನ್ನೇ ಹಾಕದಿರುವುದು ತಪ್ಪು. ಅರ್ಜಿ ಹಾಕಿ, ಹಣ ಮಾತ್ರ ಬೇಡ ಎನ್ನಬಹುದು. ಕೆಲಸಕ್ಕೆ ಹೋಗದೆ ಮಗುವನ್ನು ನೋಡಿಕೊಳ್ಳುವವರ ಹೆಸರಿನಲ್ಲಿ ಅರ್ಜಿ ಇದ್ದರೆ, ಮಗುವಿಗೆ 12 ವರ್ಷ ತುಂಬುವವರೆಗೆ ಅವರ ಸರ್ಕಾರಿ ಪಿಂಚಣಿಯ ಲೆಕ್ಕಕ್ಕೆ ಆ ವರ್ಷಗಳು ಸೇರುತ್ತವೆ. ಕೆಲಸದ ವೀಸಾದಲ್ಲಿ ಇರುವವರಿಗೆ ಮಾತ್ರ ಸಾಮಾನ್ಯವಾಗಿ ಈ ಭತ್ಯೆ ಸಿಗುವುದಿಲ್ಲ.