ಕೆಂಪಾದ ಫರ್ ಗಿಡಕ್ಕೆ ಇನ್ನಷ್ಟು ನೀರು ಹಾಕಬೇಡಿ

ಜೂನ್ ಮುಗಿಯುತ್ತಿದ್ದ ಹಾಗೆ ಅಮೆರಿಕದ ನಾರ್ತ್ ಕ್ಯಾರೊಲೈನಾದ ರಾಲಿ, ಶಾರ್ಲೆಟ್ ಕಡೆಯ ನಮ್ಮವರಿಂದ ಒಂದೇ ದೂರು: “ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಮರ ಅಂತ ಬೇರುಗಡ್ಡೆ ಸಮೇತ ತಂದ ಫ್ರೇಸರ್ ಫರ್, ಹಬ್ಬ ಮುಗಿದ ಮೇಲೆ ಹಿತ್ತಲಲ್ಲಿ ನೆಟ್ವಿ. ಏಪ್ರಿಲ್‌ನಲ್ಲಿ ಚೆನ್ನಾಗಿ ಚಿಗುರಿತ್ತು. ಈಗ ಕೆಂಪಾಗ್ತಿದೆ. ದಿನಾ ಎರಡು ಹೊತ್ತು ನೀರು ಹಾಕ್ತೀವಿ, ಆದರೂ ಒಣಗ್ತಿದೆ.” ಆ “ಆದರೂ” ಎಂಬ ಕಡೆ “ಅದಕ್ಕೇ” ಎಂದಿರಬೇಕು. ಇದೊಂದು ಮಾತು ಮನಸ್ಸಿಗೆ ಇಳಿದರೆ ಎಷ್ಟೋ ಗಿಡ ಉಳಿಯುತ್ತವೆ.

ಈ ಮರದ ತವರು ದಕ್ಷಿಣ ಅಪಲೇಶಿಯನ್ ಬೆಟ್ಟಗಳ ನೆತ್ತಿ. ನಾರ್ತ್ ಕ್ಯಾರೊಲೈನಾ, ಟೆನೆಸಿ, ವರ್ಜೀನಿಯಾಗಳಲ್ಲಿ ಸುಮಾರು 1,400 ಮೀಟರಿನಿಂದ ಶುರುವಾಗಿ 2,037 ಮೀಟರಿನ ಮೌಂಟ್ ಮಿಚೆಲ್ ತುದಿಯವರೆಗೂ ತಾನಾಗಿ ಬೆಳೆಯುತ್ತದೆ. ಕ್ರಿಸ್‌ಮಸ್ ಮರವಾಗಿ ಬೆಳೆಯುವ ರೈತರೂ ಸಾಮಾನ್ಯವಾಗಿ 900 ಮೀಟರಿಗಿಂತ ಕೆಳಗೆ ಇಳಿಯುವುದಿಲ್ಲ. ಬೆಟ್ಟದ ಮೇಲೆ ಮಳೆ, ಮಂಜು ಕಡಿಮೆಯೇನಲ್ಲ, ನಮ್ಮ ಹಿತ್ತಲಿಗಿಂತ ಜಾಸ್ತಿಯೇ. ಆದರೆ ಇಳಿಜಾರು, ಸಡಿಲ ಹುಳಿ ಮಣ್ಣು, ಬೇಸಿಗೆಯಲ್ಲೂ ತಣ್ಣಗಿನ ನೆಲ. ನೀರು ಬರುತ್ತದೆ, ಬಸಿದು ಹೋಗುತ್ತದೆ. ಕೆಳಗಿನ ಊರುಗಳ ಕೆಂಪು ಜೇಡಿಮಣ್ಣಿನಲ್ಲಿ ನೀರು ನಿಲ್ಲುತ್ತದೆ, ಜುಲೈನಲ್ಲಿ ಬಿಸಿಯೂ ಆಗುತ್ತದೆ.

ನಿಂತ ಬಿಸಿ ನೀರಿಗೆ ಕಾದು ಕೂತಿರುವುದು ಫೈಟೊಫ್ತೊರಾ ಎಂಬ, ಗಿಡ ಕೊಳೆಸುವ ಸೂಕ್ಷ್ಮಜೀವಿ. ಮಲೆನಾಡಿನವರಿಗೆ ಇದರ ಪರಿಚಯ ಬೇಕಿಲ್ಲ. ಅಡಿಕೆಗೆ ಕೊಳೆರೋಗ, ಕಾಳುಮೆಣಸಿನ ಬಳ್ಳಿಗೆ ಶೀಘ್ರ ಸೊರಗು ರೋಗ ತರುವುದು ಇದೇ ಕುಲ. ಫರ್ ಬೇರು ತಿನ್ನುವುದು ಹೆಚ್ಚಾಗಿ ಫೈಟೊಫ್ತೊರಾ ಸಿನಮೊಮಿ. ಇದರ ಬೀಜಕಣಗಳು ಮಣ್ಣಿನ ನೀರಿನಲ್ಲಿ ಈಜಿ ಎಳೆ ಬೇರಿಗೆ ಅಂಟಿಕೊಳ್ಳುತ್ತವೆ. ಬೇರು ಕೊಳೆತರೆ ಪಾತಿಯಲ್ಲಿ ನೀರು ತುಂಬಿದ್ದರೂ ಗಿಡಕ್ಕೆ ಹೀರಲು ಆಗುವುದಿಲ್ಲ. ಎಲೆ ಬಾಡುತ್ತದೆ. ಬಾಡಿದ್ದನ್ನು ಕಂಡು ನೀವು ಇನ್ನೆರಡು ಬಕೆಟ್ ಸುರಿಯುತ್ತೀರಿ. ರೋಗಕ್ಕೆ ಅದೇ ಬೇಕಾದದ್ದು. ಬಾಯಾರಿದ ಗಿಡವೂ ಬೇರು ಕೊಳೆತ ಗಿಡವೂ ಮೇಲಿಂದ ನೋಡಿದರೆ ಒಂದೇ ಥರ, ತಪ್ಪಾಗುವುದು ಸಹಜ. ಅದಕ್ಕೇ ಮೇಲೆ ನೋಡಬೇಡಿ, ಕೆಳಗೆ ಕೆದಕಿ.

ಬುಡದಿಂದ ಒಂದು ಗೇಣು ದೂರದಲ್ಲಿ ಮಣ್ಣು ಸರಿಸಿ ಸಣ್ಣ ಬೇರು ಎಳೆಯಿರಿ. ತುದಿ ಬೆಳ್ಳಗೆ, ಗಟ್ಟಿಯಾಗಿದ್ದರೆ ನೀರಿನ ಕೊರತೆ ಇರಬಹುದು. ಕಂದಾಗಿ, ಎಳೆದೊಡನೆ ಸಿಪ್ಪೆ ಕಳಚಿ ನಾರು ಮಾತ್ರ ಕೈಗೆ ಬಂದರೆ ಕೊಳೆ. ಆಮೇಲೆ ನೆಲಮಟ್ಟದಲ್ಲಿ ಕಾಂಡದ ತೊಗಟೆಯನ್ನು ಚಾಕುವಿನಿಂದ ಉಗುರಿನಷ್ಟು ಕೆರೆಯಿರಿ. ಒಳಗೆ ದಾಲ್ಚಿನ್ನಿ ಬಣ್ಣ ಏರಿ ಬಂದು, ಬಿಳಿ ಭಾಗದ ಹತ್ತಿರ ಗೆರೆ ಕೊಯ್ದಂತೆ ನಿಂತಿದ್ದರೆ ಹೆಚ್ಚುಕಡಿಮೆ ಅದೇ ರೋಗ. ಖಚಿತಪಡಿಸಿಕೊಳ್ಳಲು ಕೃಷಿ ಸಲಹೆ ಕೊಡುವ ಕೌಂಟಿ ಎಕ್ಸ್‌ಟೆನ್ಷನ್ ಕಚೇರಿಯ ಮೂಲಕ ಬೇರು, ಮಣ್ಣು ಎರಡನ್ನೂ ಪರೀಕ್ಷೆಗೆ ಕಳಿಸಿ. ಬಣ್ಣ ಕಾಂಡಕ್ಕೆ ಏರಿದ ಮೇಲೆ ಬೋರ್ಡೋ ದ್ರಾವಣವಾಗಲಿ ಬೇರೆ ಔಷಧವಾಗಲಿ ಗಿಡವನ್ನು ಉಳಿಸುವುದಿಲ್ಲ. ರೋಗ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಆ ಗುಂಡಿಯಲ್ಲಿ ಇನ್ನೊಂದು ಫರ್ ನೆಡಬೇಡಿ.

ಇನ್ನು ಗುಂಡಿಯ ವಿಷಯ. ಜೇಡಿಮಣ್ಣಿನಲ್ಲಿ ಆಳದ ಗುಂಡಿ ತೋಡಿ, ಅಂಗಡಿಯ ಒಳ್ಳೆ ಮಣ್ಣು ತುಂಬುವುದು ಪ್ರೀತಿಯಿಂದಲೇ ಮಾಡುವ ಕೆಲಸ. ಆದರೆ ಸುತ್ತ ಗಟ್ಟಿ ನೆಲ, ನಡುವೆ ಸಡಿಲ ಮಣ್ಣು ಇದ್ದರೆ ಅದು ಬಕೆಟ್. ಸುತ್ತಲಿನ ನೀರೆಲ್ಲ ಅಲ್ಲಿಗೇ ಇಳಿದು ನಿಲ್ಲುತ್ತದೆ. ನೆಡುವ ಮೊದಲು ಒಂದಡಿ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೆ ತುಂಬಿಸಿ. ಎರಡನೇ ಸಲದ ನೀರು ಗಂಟೆಗೆ ಒಂದು ಇಂಚಾದರೂ ಇಳಿಯದಿದ್ದರೆ ಆ ಜಾಗ ಬಿಡಿ.

ಬೆಟ್ಟದೂರು ಬೂನ್ ಕಡೆ ಎತ್ತರದಲ್ಲಿ ಮನೆ ಇರುವವರು ಧೈರ್ಯವಾಗಿ ನೆಡಬಹುದು. ಮಣ್ಣಿನ ಪಿಎಚ್ 5.5ರ ಆಸುಪಾಸು ಇರಲಿ. ಗುಂಡಿ ಬೇರುಗಡ್ಡೆಗಿಂತ ಅಗಲವಾಗಿರಲಿ, ಆಳ ಬೇಡ. ಕಾಂಡ ಬೇರಾಗಿ ಅಗಲವಾಗುವ ಜಾಗ ಮಣ್ಣಿನ ಮೇಲೇ ಕಾಣಬೇಕು. ಮಣ್ಣು ಸ್ವಲ್ಪ ಭಾರ ಅನ್ನಿಸಿದರೆ ಗಡ್ಡೆಯ ಮೂರನೇ ಒಂದು ಪಾಲು ನೆಲದಿಂದ ಮೇಲಿಟ್ಟು ಸುತ್ತ ದಿಬ್ಬ ಏರಿಸಿ. ತೊಗಟೆ ಚೂರಿನ ಹೊದಿಕೆ ಎರಡು ಮೂರು ಇಂಚು ಸಾಕು, ಕಾಂಡಕ್ಕೆ ತಾಗಿಸಬೇಡಿ. ಬೆರಳನ್ನು ಎರಡು ಇಂಚು ಇಳಿಸಿ, ತೇವ ಸಿಕ್ಕಿದರೆ ಅವತ್ತು ನೀರು ಬೇಡ. ಹಬ್ಬಕ್ಕೆ ಮನೆಯೊಳಗೆ ಇಡುವುದಾದರೆ ಒಂದು ವಾರ, ಬಹಳವೆಂದರೆ ಹತ್ತು ದಿನ. ಬೆಚ್ಚಗೆ ಹೆಚ್ಚು ದಿನ ಇದ್ದರೆ ಮೊಗ್ಗು ಎಚ್ಚರಾಗಿ, ಹೊರಗಿನ ಹಿಮಕ್ಕೆ ಸುಟ್ಟುಹೋಗುತ್ತದೆ.

ಕೆಳಗಿನ ಊರುಗಳಲ್ಲಿರುವವರು ದೇವದಾರು ನೆಡಿ. ನಮ್ಮ ಹಿಮಾಲಯದ ಮರವೇ ರಾಲಿ, ಶಾರ್ಲೆಟ್‌ನ ಬಿಸಿಲಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಅದಕ್ಕೂ ನೀರು ನಿಲ್ಲಬಾರದು. ಫರ್ ಮರವೇ ಆಗಬೇಕು ಎಂದರೆ ಜಪಾನಿನ ಮೊಮಿ ಫರ್ ಬೇರಿಗೆ ಕಸಿ ಕಟ್ಟಿದ್ದನ್ನು ಹುಡುಕಿ. ಆ ಬೇರು ಈ ಕೊಳೆಯನ್ನು ಸಾಕಷ್ಟು ತಡೆಯುತ್ತದೆ.

ಬೀಜದಿಂದ ಬೆಳೆಸುವ ಆಸೆ ಇರುವವರು ಬೆಟ್ಟದ ಮೇಲಿನ ಪಾರ್ಕಿನ ಕಾಡುಮರಗಳಿಗೆ ಕೈ ಹಾಕಬೇಡಿ. 1957ರಲ್ಲಿ ಮೌಂಟ್ ಮಿಚೆಲ್ ಮೇಲೆ ಯೂರೋಪಿನಿಂದ ಬಂದ ಬಿಳಿ ಉಣ್ಣೆಯಂಥ ಹೇನು ಕಾಣಿಸಿಕೊಂಡ ಮೇಲೆ ಕಾಡಿನ ದೊಡ್ಡ ಮರಗಳು ರಾಶಿ ರಾಶಿ ಸತ್ತವು, ಉಳಿದದ್ದು ಅಲ್ಲೇ ಬಿತ್ತಿಕೊಳ್ಳಲಿ. ಬೆಳೆಗಾರರ ತೋಟದಲ್ಲಿ ಕೇಳಿ, ಸೆಪ್ಟೆಂಬರ್ ಶುರುವಿನಲ್ಲೇ ಕಾಯಿ ಕೊಯ್ಯಿರಿ. ತಡವಾದರೆ ಕೊಂಬೆಯ ಮೇಲೇ ಬಿರಿದು ಉದುರಿಹೋಗುತ್ತದೆ. ಬೀಜವನ್ನು ಒಂದು ದಿನ ನೆನೆಸಿ, ಒದ್ದೆ ಮರಳಿನಲ್ಲಿ ಬೆರೆಸಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ 4ರಿಂದ 8 ವಾರ ಇಡಿ. ವಸಂತದಲ್ಲಿ ಕಾಲಿಂಚು ಆಳಕ್ಕೆ ಬಿತ್ತಿ ಅರೆನೆರಳು ಕೊಡಿ. ಮೊದಲ ವರ್ಷ ಮುಗಿಯುವಾಗ ಸಸಿ ಎರಡು ಬೆರಳಗಲ ಎತ್ತರವಿದ್ದರೆ ಗಾಬರಿ ಬೇಡ, ಅದರ ಬೆಳವಣಿಗೆಯೇ ಅಷ್ಟು.