ಅದಿತಿ ಅಶೋಕ್: ಕಡಿಮೆ ದೂರದ ಹೊಡೆತ, ದೊಡ್ಡ ಟೂರ್

2021ರ ಆಗಸ್ಟ್ 7ರ ಶನಿವಾರ ಬೆಳಗಿನ ಜಾವಕ್ಕೇ ಎದ್ದು ಟಿ.ವಿ. ಮುಂದೆ ಕೂತವರಲ್ಲಿ ಬಹುಪಾಲು ಮಂದಿ ಬರ್ಡಿ ಯಾವುದು, ಬೋಗಿ ಯಾವುದು ಎಂದು ಮೊಬೈಲಿನಲ್ಲಿ ಹುಡುಕಿಕೊಳ್ಳುತ್ತಲೇ ಆಟ ನೋಡಿದ್ದರು. ಟೋಕಿಯೊ ಒಲಿಂಪಿಕ್ಸ್‌ನ ಮಹಿಳಾ ಗಾಲ್ಫ್, ಕೊನೆಯ ಸುತ್ತು. ಕಾಸುಮಿಗಾಸೆಕಿ ಕೋರ್ಸ್‌ನಲ್ಲಿ ಕೊನೆಯ ಗುಂಪಿನಲ್ಲಿ ಹೊರಟ ಮೂವರು: ವಿಶ್ವದ ನಂಬರ್ ಒನ್ ನೆಲ್ಲಿ ಕೊರ್ಡಾ, ನ್ಯೂಜಿಲೆಂಡ್‌ನ ಲಿಡಿಯಾ ಕೊ ಮತ್ತು ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನದಲ್ಲಿದ್ದ ಬೆಂಗಳೂರಿನ ಅದಿತಿ ಅಶೋಕ್. ನಡುವೆ ಗುಡುಗು–ಮಳೆಯ ಭಯಕ್ಕೆ ಆಟ ನಿಂತಿತು, ಮತ್ತೆ ಶುರುವಾಯಿತು. ಹದಿನೆಂಟನೇ ಹೋಲ್‌ನಲ್ಲಿ ಕಂಚಿನ ಪೈಪೋಟಿಗೆ ಸೇರಿಕೊಳ್ಳಲು ಅದಿತಿಗೆ ಬರ್ಡಿ, ಅಂದರೆ ಆ ಹೋಲ್‌ಗೆ ನಿಗದಿಯಾದ ಹೊಡೆತಗಳಿಗಿಂತ (ಪಾರ್) ಒಂದು ಕಡಿಮೆ, ಬೇಕಿತ್ತು. ದೂರದ ಪಟ್ (ಗುಳಿಯತ್ತ ಚೆಂಡನ್ನು ಉರುಳಿಸುವ ಹೊಡೆತ) ಗುಳಿಗೆ ಬೀಳಲಿಲ್ಲ. ಕೊರ್ಡಾ ಪಾರ್‌ಗಿಂತ 17 ಕಡಿಮೆ, ಮೋನೆ ಇನಾಮಿ ಮತ್ತು ಕೊ 16 ಕಡಿಮೆ, ಅದಿತಿ 15 ಕಡಿಮೆ. ನಾಲ್ಕು ದಿನ, 72 ಹೋಲ್, 269 ಹೊಡೆತಗಳಾದ ಮೇಲೆ ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ.

ಅವತ್ತೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದರು. ಗಾಲ್ಫ್ ಸುದ್ದಿ ‘ಪದಕ ತಪ್ಪಿದರೂ ಮನ ಗೆದ್ದ ಅದಿತಿ’ ಎಂಬ ಮಟ್ಟಕ್ಕೆ ಸೀಮಿತವಾಯಿತು. ಆದರೆ ಆ ನಾಲ್ಕನೇ ಸ್ಥಾನದ ಹಿಂದೆ ವಿಚಿತ್ರ ಸಂಗತಿಯೊಂದಿದೆ. ಟೀಯಿಂದ, ಅಂದರೆ ಹೋಲ್‌ನ ಮೊದಲ ಹೊಡೆತದ ಜಾಗದಿಂದ, ಚೆಂಡನ್ನು ದೂರ ಹೊಡೆಯುವುದರಲ್ಲಿ ಅದಿತಿ ಆ 60 ಮಂದಿಯ ಪೈಕಿ ತೀರಾ ಹಿಂದಿದ್ದವರು. ಮೇ–ಜೂನ್ ಹೊತ್ತಿಗೆ ಕೋವಿಡ್ ಬಂದು ಹೋಗಿತ್ತು, ಇದ್ದ ಶಕ್ತಿಯೂ ಕುಂದಿತ್ತು.

ದೂರ ಹೊಡೆಯದಿದ್ದರೆ ಏನು ನಷ್ಟ? ನಾಲ್ಕು ಹೊಡೆತ ನಿಗದಿಯಾದ ಪಾರ್–4 ಹೋಲ್ ಒಂದನ್ನು ತೆಗೆದುಕೊಳ್ಳಿ. ಕೊರ್ಡಾ ಹೊಡೆದ ಚೆಂಡು ಎಷ್ಟೋ ಮುಂದೆ ಹೋಗಿ ಬಿದ್ದಿರುತ್ತದೆ. ಅಲ್ಲಿಂದ ಅವರು ಸಣ್ಣ ಐರನ್ (ಕಡಿಮೆ ದೂರದ ಕ್ಲಬ್) ಹಿಡಿದು ಹೊಡೆದರೆ ಚೆಂಡು ಮೇಲಕ್ಕೆ ಏರಿ, ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್ ಮೇಲೆ ಬಿದ್ದು, ಅಲ್ಲೇ ನಿಲ್ಲುತ್ತದೆ. ಹಿಂದೆ ಉಳಿದ ಅದಿತಿ ದೂರಕ್ಕೆ ಹೊಡೆಯುವ ಹೈಬ್ರಿಡ್ ಅಥವಾ ಫೇರ್‌ವೇ ವುಡ್ ಕ್ಲಬ್ ತೆಗೆಯಬೇಕು. ಅವುಗಳಿಂದ ಹೋದ ಚೆಂಡು ತಗ್ಗಾಗಿ ಹಾರಿ, ಬಿದ್ದ ಮೇಲೂ ಓಡುತ್ತದೆ. ಗುಳಿಯ ಬಾವುಟದ ಹತ್ತಿರ ಬೀಳುವ ಬದಲು ಗ್ರೀನ್ ಅಂಚಿಗೋ ಆಚೆಗೋ ಜಾರುವುದೇ ಹೆಚ್ಚು. ಅಲ್ಲಿಂದ ಚಿಪ್ ಮಾಡಿ, ಅಂದರೆ ಮೆಲ್ಲಗೆ ಎತ್ತಿ ಹೊಡೆದು, ಹತ್ತಿರ ತರಬೇಕು, ಒಂದೇ ಪಟ್‌ನಲ್ಲಿ ಮುಗಿಸಬೇಕು. ಒಂದು ಹೋಲ್‌ನಲ್ಲಿ ಇದು ಆದೀತು. ನಾಲ್ಕು ದಿನ ಸತತವಾಗಿ ಹೀಗೆ ಮಾಡುತ್ತಾ ವಿಶ್ವದ ಅಗ್ರ ಆಟಗಾರ್ತಿಗಿಂತ ಎರಡೇ ಹೊಡೆತ ಹಿಂದೆ ಉಳಿಯುವುದು ಅಪರೂಪದ ಕಸುಬುದಾರಿಕೆ. ಅದಿತಿಯ ಪಟ್ಟಿಂಗ್ ಬಗ್ಗೆ ಎದುರಾಳಿಗಳೇ ಮಾತಾಡುವುದು ಇದಕ್ಕೇ.

200ನೇ ಸ್ಥಾನದವರಿಗೆ ಒಲಿಂಪಿಕ್ಸ್ ಪ್ರವೇಶ ಸಿಕ್ಕಿದ್ದು ಹೇಗೆ ಎಂಬ ಅನುಮಾನವೂ ಆಗ ಹಲವರಿಗಿತ್ತು. ರ‍್ಯಾಂಕಿಂಗ್‌ನ ಮೊದಲ 15ರೊಳಗಿದ್ದರೆ ಒಂದು ದೇಶದಿಂದ ನಾಲ್ವರವರೆಗೆ ಹೋಗಬಹುದು. ಅದರ ಕೆಳಗೆ ದೇಶಕ್ಕೆ ಇಬ್ಬರೇ. ಕೊರಿಯಾ, ಅಮೆರಿಕ, ಜಪಾನ್‌ಗಳ ಸಾಲು ಸಾಲು ಆಟಗಾರ್ತಿಯರು ಈ ಮಿತಿಯಿಂದಾಗಿ ಮನೆಯಲ್ಲೇ ಉಳಿಯುತ್ತಾರೆ, ಪಟ್ಟಿ ಕೆಳಗಿಳಿಯುತ್ತಾ ಬರುತ್ತದೆ. ನಿಯಮದ ಕೃಪೆ ಅಲ್ಲಿಗೆ ಮುಗಿಯಿತು. ಕೋರ್ಸ್‌ಗೆ ಇಳಿದ ಮೇಲೆ ಯಾವ ಮಿತಿಯೂ ಕಾಪಾಡುವುದಿಲ್ಲ.

ಬೆಂಗಳೂರಿಗೆ ಗಾಲ್ಫ್ ಹೊಸದೇನಲ್ಲ. ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಆದರೆ ಅದು ಬಹುಕಾಲ ದೊರೆಗಳ, ದಂಡಿನವರ, ಆಮೇಲೆ ಸದಸ್ಯತ್ವ ಇದ್ದವರ ಆಟವಾಗಿಯೇ ಉಳಿಯಿತು. 1998ರಲ್ಲಿ ಹುಟ್ಟಿದ ಅದಿತಿಯ ಮನೆಯಲ್ಲಿ ಯಾರೂ ಗಾಲ್ಫ್ ಆಡಿದವರಲ್ಲ. ಕರ್ನಾಟಕ ಗಾಲ್ಫ್ ಸಂಸ್ಥೆಯ ಕೋರ್ಸ್ ಹತ್ತಿರದ ಹೋಟೆಲಿಗೆ ತಿಂಡಿಗೆ ಹೋಗುತ್ತಿದ್ದ ಕುಟುಂಬಕ್ಕೆ ಅಲ್ಲಿನ ಅಭ್ಯಾಸದ ಜಾಗ ಕಣ್ಣಿಗೆ ಬಿತ್ತು. ಐದು ವರ್ಷದ ಮಗಳ ಜೊತೆಗೆ ಅಪ್ಪ ಅಶೋಕ್ ಗುಡ್ಲಮಾನಿಯೂ ಆಟ ಹಿಡಿದರು. 2011ರಲ್ಲಿ, 13ನೇ ವಯಸ್ಸಿಗೆ, ಇನ್ನೂ ಅಮೆಚೂರ್ (ಹವ್ಯಾಸಿ) ಆಗಿದ್ದಾಗಲೇ ಅದಿತಿ ದೇಶದ ವೃತ್ತಿಪರ ಟೂರ್‌ನ, ಅಂದರೆ ಟೂರ್ನಿಗಳ ಸರಣಿಯ, ಒಂದು ಲೆಗ್ ಗೆದ್ದರು. 2015ರಲ್ಲಿ ಬ್ರಿಟನ್‌ನ ಮಹಿಳಾ ಅಮೆಚೂರ್ ಸ್ಟ್ರೋಕ್ ಪ್ಲೇ ಪ್ರಶಸ್ತಿ ಬಂತು. ಏಷ್ಯನ್ ಯೂತ್ ಗೇಮ್ಸ್, ಯೂತ್ ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಒಲಿಂಪಿಕ್ಸ್ ನಾಲ್ಕರಲ್ಲೂ ಆಡಿದ ಮೊದಲ ಭಾರತೀಯ ಗಾಲ್ಫರ್ ಇವರೇ.

ವೃತ್ತಿಪರ ಗಾಲ್ಫ್‌ನಲ್ಲಿ ತಂಡವಿಲ್ಲ, ಸಂಬಳವಿಲ್ಲ. ಬೇಕಾದ್ದು ‘ಕಾರ್ಡ್’, ಅಂದರೆ ಆ ವರ್ಷ ಟೂರ್‌ನಲ್ಲಿ ಆಡುವ ಹಕ್ಕು. ಅರ್ಹತಾ ಟೂರ್ನಿ ಆಡಿ ಅದನ್ನು ಗಳಿಸಬೇಕು, ವರ್ಷಾಂತ್ಯದ ಪಟ್ಟಿಯಲ್ಲಿ ನಿಗದಿತ ಸ್ಥಾನದೊಳಗೆ ಇದ್ದು ಉಳಿಸಿಕೊಳ್ಳಬೇಕು. ಗುರುವಾರ–ಶುಕ್ರವಾರದ ಎರಡು ಸುತ್ತುಗಳ ಬಳಿಕ ಕಟ್ ಬೀಳುತ್ತದೆ, ಹಿಂದುಳಿದವರು ಹೊರಗುಳಿಯುತ್ತಾರೆ. ಅದನ್ನು ದಾಟದವರಿಗೆ ಸಾಮಾನ್ಯವಾಗಿ ಬಿಡಿಗಾಸೂ ಇಲ್ಲ. ವಿಮಾನ, ಹೋಟೆಲು, ಬ್ಯಾಗು ಹೊರುವ ಕ್ಯಾಡಿ, ಎಲ್ಲದರ ಖರ್ಚೂ ಆಟಗಾರ್ತಿಯ ತಲೆಯ ಮೇಲೆ. ಆರಂಭದ ವರ್ಷಗಳಲ್ಲಿ ಅಪ್ಪನೇ ಬ್ಯಾಗು ಹೊತ್ತದ್ದನ್ನು ಭಾವುಕ ಕಥೆಯಾಗಿ ಹೇಳುವವರು ಬಹಳ. ಅದರಲ್ಲಿ ಲೆಕ್ಕಾಚಾರವೂ ಇದ್ದಿರಬೇಕು ಎಂದು ನನ್ನ ಊಹೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಪ್ಪ ಕ್ಯಾಡಿಯಾಗಿದ್ದರು, ಟೋಕಿಯೊದಲ್ಲಿ ಅಮ್ಮ ಮಹೇಶ್ವರಿ.

ಹಿಂದೆ ಕೆಲವರು ದಾರಿ ಮಾಡಿದ್ದರು. ಕೋಲ್ಕತ್ತದ ಸಿಮಿ ಮೆಹ್ರಾ 1990ರ ದಶಕದ ಕೊನೆಯಲ್ಲೇ ಅಮೆರಿಕದ ಮಹಿಳಾ ವೃತ್ತಿಪರ ಗಾಲ್ಫ್ ಸರಣಿಯಾದ ಎಲ್‌ಪಿಜಿಎ ಟೂರ್ ಆಡಿದ್ದರು. ಬೆಂಗಳೂರಿನವರೇ ಆದ ಶರ್ಮಿಳಾ ನಿಕೊಲೆಟ್ 2012ರಲ್ಲಿ ಯುರೋಪ್ ಟೂರ್‌ಗೆ ಕಾಲಿಟ್ಟಿದ್ದರು. ಆದರೆ ಗೆಲುವು ಬಂದಿರಲಿಲ್ಲ. 2015ರ ಡಿಸೆಂಬರ್‌ನಲ್ಲಿ ಮೊರಾಕೊದಲ್ಲಿ ನಡೆದ ಯುರೋಪ್ ಟೂರ್‌ನ ಅರ್ಹತಾ ಟೂರ್ನಿಯನ್ನೇ ಗೆದ್ದ ಅದಿತಿ ಹೊಸ ವರ್ಷದ ಮೊದಲ ದಿನ ವೃತ್ತಿಪರರಾದರು. ಆಗಸ್ಟ್‌ನಲ್ಲಿ ರಿಯೊ: 112 ವರ್ಷಗಳ ನಂತರ ಒಲಿಂಪಿಕ್ಸ್‌ಗೆ ಗಾಲ್ಫ್ ಮರಳಿದ ಸಂದರ್ಭ. 18ರ ಹುಡುಗಿ ಮೊದಲ ಎರಡು ಸುತ್ತುಗಳಲ್ಲಿ 68, 68 ಆಡಿ ಅಗ್ರ ಹತ್ತರೊಳಗಿದ್ದು, ಕೊನೆಗೆ ಜಂಟಿ 41ನೇ ಸ್ಥಾನಕ್ಕೆ ಜಾರಿದರು. ನವೆಂಬರ್‌ನಲ್ಲಿ ಗುರುಗ್ರಾಮದಲ್ಲಿ ಇಂಡಿಯನ್ ಓಪನ್ ಗೆದ್ದರು, ಯುರೋಪ್ ಟೂರ್‌ನಲ್ಲಿ ಭಾರತದ ಮಹಿಳೆಯ ಮೊದಲ ಪ್ರಶಸ್ತಿ. ಎರಡೇ ವಾರದಲ್ಲಿ ದೋಹಾದಲ್ಲಿ ಇನ್ನೊಂದು. ಆ ವರ್ಷದ ಶ್ರೇಷ್ಠ ಹೊಸ ಆಟಗಾರ್ತಿ ಗೌರವವೂ ಅವರದೇ.

2017ರಿಂದ ಎಲ್‌ಪಿಜಿಎ. ಅಲ್ಲಿಂದ ಕಥೆಯ ವೇಗ ತಗ್ಗುತ್ತದೆ. ಆ ವರ್ಷ ಅಬುಧಾಬಿಯಲ್ಲಿ ಮೂರನೇ ಯುರೋಪ್ ಟೂರ್ ಪ್ರಶಸ್ತಿ ಬಂತು, ಆಮೇಲೆ ಐದು ವರ್ಷ ಒಂದೂ ಇಲ್ಲ. ಇದನ್ನು ಸೋಲು ಎಂದು ಬರೆದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಉದ್ದ ಹೊಡೆಯುವವರಿಗೆ ಒಲಿಯುವ ಕೋರ್ಸ್‌ಗಳ ಮೇಲೆ, ವಾರದಿಂದ ವಾರಕ್ಕೆ, ಚಿಪ್–ಪಟ್‌ಗಳ ಬಲದಲ್ಲೇ ಕಾರ್ಡ್ ಉಳಿಸಿಕೊಳ್ಳುವುದು ಸುಲಭದ ಬದುಕಲ್ಲ.

ಟೋಕಿಯೊ ನಂತರ ದೂರ ಹೆಚ್ಚಿಸಿಕೊಳ್ಳುವುದಕ್ಕೆ ಅವರು ಬೆವರು ಹರಿಸಿದರು. ಫಲ 2023ರಲ್ಲಿ ಕಂಡಿತು. ಫೆಬ್ರುವರಿಯಲ್ಲಿ ಕೆನ್ಯಾದ ವಿಪಿಂಗೊದಲ್ಲಿ ಒಂಬತ್ತು ಹೊಡೆತಗಳ ಅಂತರದ ಗೆಲುವು. ಏಪ್ರಿಲ್ ಕೊನೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಮಬಲವಾದಾಗ ಆಡಿಸುವ ಪ್ಲೇ ಆಫ್‌ವರೆಗೂ ಮೂವರಲ್ಲಿ ಒಬ್ಬರಾಗಿ ಹೋಗಿ ಆಸ್ಟ್ರೇಲಿಯಾದ ಹನ್ನಾ ಗ್ರೀನ್‌ಗೆ ಮಣಿದರು. ನವೆಂಬರ್‌ನಲ್ಲಿ ಸ್ಪೇನ್‌ನಲ್ಲಿ ಐದನೇ ಯುರೋಪ್ ಟೂರ್ ಪ್ರಶಸ್ತಿ.

ಇವುಗಳ ನಡುವೆ ಹಾಂಗ್‌ಝೌ. ಏಷ್ಯನ್ ಗೇಮ್ಸ್‌ನ ಮೂರನೇ ಸುತ್ತಿನಲ್ಲಿ ಅದಿತಿ 61 ಆಡಿದರು, ಪಾರ್‌ಗಿಂತ 11 ಕಡಿಮೆ. ಏಳು ಹೊಡೆತಗಳ ಮುನ್ನಡೆ. ಚಿನ್ನ ಖಾತ್ರಿ ಎಂದೇ ಎಲ್ಲರೂ ಅಂದುಕೊಂಡಿದ್ದರು. ಮರುದಿನ ಅದೇ ಕೋರ್ಸ್‌ನಲ್ಲಿ, ಅದೇ ಕೈಗಳಿಂದ 77. ಥಾಯ್ಲೆಂಡ್‌ನ ಅರ್ಪಿಚಾಯಾ ಯೂಬೋಲ್ ಎರಡು ಹೊಡೆತಗಳಿಂದ ಚಿನ್ನ ಒಯ್ದರು. ಅದಿತಿಗೆ ಬೆಳ್ಳಿ, ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಗೆ ಸಿಕ್ಕ ಮೊದಲ ಪದಕ. ಒಂದು ದಿನದೊಳಗೆ 16 ಹೊಡೆತಗಳ ವ್ಯತ್ಯಾಸ. ಪಟ್ಟಿಂಗ್ ನೆಚ್ಚಿದ ಆಟದ ಅಪಾಯವೂ ಇದೇ ಇರಬಹುದು: ಪಟ್‌ಗಳು ಬೀಳದ ದಿನ ಟೀಯಲ್ಲಿ ಕಳೆದುಕೊಂಡ ಗಜಗಳನ್ನು ತುಂಬಿಕೊಡಲು ಬೇರೇನೂ ಕೈಯಲ್ಲಿ ಇರುವುದಿಲ್ಲ.

ಪ್ಯಾರಿಸ್ ಒಲಿಂಪಿಕ್ಸ್ ಅವರಿಗೆ ಮೂರನೆಯದು. ಅಲ್ಲಿ ಜಂಟಿ 29ನೇ ಸ್ಥಾನ. ಜೊತೆಗಿದ್ದ ದೀಕ್ಷಾ ದಾಗರ್ ಅಷ್ಟರಲ್ಲಿ ಯುರೋಪ್ ಟೂರ್‌ನಲ್ಲಿ ಎರಡು ಪ್ರಶಸ್ತಿ ಗೆದ್ದಿದ್ದರು. ಹಾಂಗ್‌ಝೌ ತಂಡದಲ್ಲಿ ಅದಿತಿ ಜೊತೆ ಆಡಿದ ಮೈಸೂರಿನ ಪ್ರಣವಿ ಅರಸ್ ಮತ್ತು ಬೆಂಗಳೂರಿನ ಅವನಿ ಪ್ರಶಾಂತ್ ಕೂಡ ಈಗ ವೃತ್ತಿಪರರು, ಯುರೋಪ್ ಟೂರ್‌ನಲ್ಲಿ ಕಾಣಿಸಿಕೊಳ್ಳುತ್ತಿರುವವರು. ಅಂದರೆ ಆ ಏಷ್ಯನ್ ಗೇಮ್ಸ್ ತಂಡದ ಮೂವರೂ ಕರ್ನಾಟಕದವರು. ಯುರೋಪ್‌ನ ಬಾಗಿಲು ತೆರೆದಾಗಿದೆ. ಎಲ್‌ಪಿಜಿಎ ಟೂರ್ನಿ ಗೆಲ್ಲುವ ಮೊದಲ ಭಾರತೀಯಳ ಜಾಗ ಮಾತ್ರ ಇನ್ನೂ ಖಾಲಿ, ಮತ್ತು ಲಾಸ್ ಏಂಜಲೀಸ್‌ನ ಆ ಪ್ಲೇ ಆಫ್‌ನಷ್ಟು ಹತ್ತಿರಕ್ಕೆ ಬೇರೆ ಯಾರೂ ಹೋಗಿಲ್ಲ.